ಸಾವಿರದ ಇನ್ನೂರು ಬಿಸಿ ನಿಲುಗಡೆ

ಎಂಜಿನ್‌ಗಳಿಗೂ ಒಂದು ನರಕ ಇರುವುದಾದರೆ ಅದು ಆ ಕಾರ್ಖಾನೆಯ ಮೂರನೇ ನಂಬರಿನ ಪರೀಕ್ಷಾ ಕೋಣೆ. ಅದರ ಗೋಡೆ ಎಷ್ಟು ದಪ್ಪವೆಂದರೆ, ಒಳಗೆ ಹತ್ತು ಆನೆಗಳನ್ನು ಕೂಡಿಹಾಕಿ ಒಟ್ಟಿಗೆ ಘೀಳಿಡಿಸಿದರೂ ಹೊರಗೆ ಚಹಾ ಹೀರುವವನ ಲೋಟದಲ್ಲಿ ಒಂದು ಅಲೆ ಏಳದು. ನಡುವಿನ ಗಾಜು ಎಷ್ಟು ದಪ್ಪವೆಂದರೆ, ಅದರಾಚೆ ನಿಂತವರು ಹೋದ ವರ್ಷದಿಂದ ಇಣುಕುತ್ತಿರುವಂತೆ ಕಾಣುತ್ತಾರೆ. ಒಳಗೆ ಹೋದ ಎಂಜಿನ್ ಬದುಕಿ ಬಂದರೆ ಅದಕ್ಕೆ ಲೋಕದ ರಸ್ತೆಗಳೆಲ್ಲ ಸ್ವಂತ, ಬದುಕದಿದ್ದರೆ ಗುಜರಿ. ಆ ಕೋಣೆಯ ಯಮನೂ ತಾವೇ, ಚಿತ್ರಗುಪ್ತನೂ ತಾವೇ ಆಗಿ ಮೂವತ್ತೊಂದು ವರ್ಷ ಕೂತವರು ಮೇಷ್ಟ್ರು.

ಮೇಷ್ಟ್ರು ಯಾವ ಶಾಲೆಯಲ್ಲೂ ಸೀಮೆಸುಣ್ಣ ಹಿಡಿದವರಲ್ಲ. ಕೋಣೆಗೆ ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ಅವರು ಒಂದೇ ಒಂದು ಪಾಠ ಹೇಳುತ್ತಿದ್ದರು, ಅದನ್ನು ಮರೆತವರನ್ನು ಸಾಯುವವರೆಗೂ ಬಯ್ಯುತ್ತಿದ್ದರು. ಹಾಗಾಗಿ ಆ ಹೆಸರು. ಪಾಠ ಇಷ್ಟೇ:

“ಓಡಿ ಬಂದವನನ್ನ ತಟ್ಟನೆ ಕೂರಿಸಬೇಡಿ. ಟರ್ಬೊ ಅಂದ್ರೆ ಏನು? ಎಂಜಿನ್ ಬಿಟ್ಟ ಬಿಸಿ ಹೊಗೆನೇ ಒಂದು ಚಕ್ರ ತಿರುಗಿಸುತ್ತೆ, ಆ ಚಕ್ರ ಎಂಜಿನ್‌ಗೆ ಗಾಳಿ ತುರುಕುತ್ತೆ. ನಿಮಿಷಕ್ಕೆ ಲಕ್ಷ ಸುತ್ತು, ಕೆಂಡದಂಥ ಕಾವು. ಅಂಥದ್ದನ್ನ ಫಟ್ ಅಂತ ಆರಿಸಿದ್ರೆ ಎಣ್ಣೆ ನಿಂತಲ್ಲೇ ಸೀದು ಕರಿಕಾಗುತ್ತೆ. ಎರಡು ನಿಮಿಷ ಸುಮ್ನೆ ಮೆಲ್ಲಗೆ ಓಡೋಕೆ ಬಿಡಿ. ಉಸಿರು ತಗೊಳ್ಲಿ. ಆಮೇಲೆ ಆರಿಸಿ.”

ಈ ಎರಡು ನಿಮಿಷ ಆ ಕೋಣೆಯಲ್ಲಿ ಎಷ್ಟು ಬೇರೂರಿತ್ತೆಂದರೆ, ಅಲ್ಲಿಯವರು ಮನೆಯ ಮಿಕ್ಸರ್ ಆರಿಸುವಾಗಲೂ ಅರೆಕ್ಷಣ ತಡೆಯುತ್ತಿದ್ದರು. ಅವರಲ್ಲೊಬ್ಬ ಸಿಟ್ಟಿನಲ್ಲಿ ಹೆಂಡತಿಯ ಜೊತೆ ಮಾತು ನಿಲ್ಲಿಸುವ ಮುಂಚೆಯೂ ಎರಡು ನಿಮಿಷ ಮೆಲುದನಿಯಲ್ಲಿ ಮಾತಾಡಿ ಆಮೇಲೆ ನಿಲ್ಲಿಸುತ್ತಿದ್ದನಂತೆ.

ಆ ವರ್ಷ ಕೋಣೆಗೆ ಬಂದದ್ದು ಮನೆಯೆತ್ತರದ ಐಷಾರಾಮಿ ಎಸ್‌ಯುವಿಗಳಿಗಾಗಿ ಮಾಡಿದ ಹೊಸ ಎಂಜಿನ್. ಆರು ಸಿಲಿಂಡರು, ಟರ್ಬೊ, ಪೆಟ್ರೋಲು. ಮೇಲೊಂದು ಬಿರುದು, ಮೈಲ್ಡ್ ಹೈಬ್ರಿಡ್. ಎಂಜಿನ್ನಿಗೂ ವಿದ್ಯುತ್ತಿಗೂ ಪೂರ್ತಿ ಮದುವೆಯಾದರೆ ಹೈಬ್ರಿಡ್, ಇದು ಬರೀ ನಿಶ್ಚಿತಾರ್ಥ. ನಲವತ್ತೆಂಟು ವೋಲ್ಟಿನ ಬ್ಯಾಟರಿ ಮತ್ತು ಒಂದು ಸಣ್ಣ ಮೋಟಾರು ಎಂಜಿನ್ನಿನ ಬೆನ್ನಿಗೆ ಕೈ ಕೊಟ್ಟು ನೂಕುತ್ತವೆ, ತಾವಾಗಿಯೇ ಗಾಡಿ ಎಳೆಯುವುದಿಲ್ಲ. ಆದರೆ ಈ ನಿಶ್ಚಿತಾರ್ಥದ ಹುಡುಗಿಗೆ ಒಂದು ಚುರುಕುತನ. ಕೆಂಪು ದೀಪ ಕಂಡು ಗಾಡಿ ನಿಂತ ತಕ್ಷಣ ಎಂಜಿನ್ನನ್ನು ಆರಿಸಿಬಿಡುತ್ತಾಳೆ. ಬ್ರೇಕಿನಿಂದ ಕಾಲೆತ್ತುವಷ್ಟರಲ್ಲಿ ಎಬ್ಬಿಸಿ ಕೂರಿಸುತ್ತಾಳೆ. ಎಷ್ಟು ಮೆತ್ತಗೆ ಎಂದರೆ, ಹಿಂದಿನ ಸೀಟಿನಲ್ಲಿ ಮಲಗಿದ ಸಾಹುಕಾರರ ಕನಸೂ ಮಗ್ಗುಲು ಬದಲಿಸುವುದಿಲ್ಲ.

ತೊಡಕು ಇದ್ದದ್ದು ಅಲ್ಲೇ. ರಸ್ತೆಯಲ್ಲಿ ಕಾದ ಟರ್ಬೊಗೆ ಎರಡು ನಿಮಿಷ ಕೊಡುವವರು ಯಾರು? ಅದಕ್ಕೇ ಮುಖ್ಯ ವಿನ್ಯಾಸಗಾರ ಅಂಗೈಯಗಲದ ಒಂದು ವಿದ್ಯುತ್ ಪಂಪು ಇಟ್ಟಿದ್ದ. ಎಂಜಿನ್ ಆರಿದ ಮೇಲೂ ಅದೊಂದು ಗುಂಯ್‌ಗುಡುತ್ತಾ ಟರ್ಬೊಗೆ ತಂಪು ನೀರು ಹರಿಸುತ್ತಿರಬೇಕು. ಎಂಜಿನ್ನಿನ ಆಯುಸ್ಸೆಲ್ಲ ಆ ಪಂಪಿನ ಕೈಯಲ್ಲಿ. ಅದು ನಂಬಿಕೆಗೆ ಯೋಗ್ಯವೋ ಅಲ್ಲವೋ ನೋಡಲು ವಿಶೇಷ ಪರೀಕ್ಷೆ: ಇಪ್ಪತ್ತು ನಿಮಿಷ ಪೂರ್ತಿ ಬಲದಲ್ಲಿ ಓಟ, ತಕ್ಷಣ ಬಿಸಿ ನಿಲುಗಡೆ, ಅಂದರೆ ಕಾದಿರುವಾಗಲೇ ಆರಿಸುವುದು, ಇಪ್ಪತ್ತು ನಿಮಿಷ ವಿರಾಮ, ಮತ್ತೆ ಓಟ. ಹೀಗೆ ಸಾವಿರದ ಇನ್ನೂರು ಸಲ.

ಪರೀಕ್ಷೆ ಶುರುವಾಗುವ ಹಿಂದಿನ ದಿನ ಮೇಷ್ಟ್ರ ಹೃದಯ ಕೈಕೊಟ್ಟಿತು. ಕಲ್ಲು ತಿಂದು ಕರಗಿಸುವ ಮನುಷ್ಯ, ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಡಾಕ್ಟರು ಎದೆ ಸೀಳಿ ಮೂರು ಕಟ್ಟಿದ ನಾಳಗಳಿಗೆ ಬೇರೆ ದಾರಿ ಮಾಡಿಕೊಟ್ಟು, ಆರು ವಾರ ಕಾರ್ಖಾನೆಯ ಹೆಸರೆತ್ತಕೂಡದು ಎಂದರು. ಕೋಣೆಯ ಭಾರ ಸೊಸೆಯ ಮೇಲೆ ಬಿತ್ತು.

ಸೊಸೆ ಎಂದರೆ ಮೇಷ್ಟ್ರ ಸ್ವಂತ ಸೊಸೆ. ಹನ್ನೆರಡು ವರ್ಷದ ಹಿಂದೆ ಆ ಕೋಣೆಗೇ ಕೆಲಸಕ್ಕೆ ಬಂದವಳು. ಅವಳು ಬೋಲ್ಟು ಬಿಗಿಯುವ ಕೈ ನೋಡಿಯೇ ಮೇಷ್ಟ್ರು ಮಗನಿಗೆ ಸಂಬಂಧ ಕುದುರಿಸಿದರು, ಮಗನ ಮುಖ ಅವಳು ನೋಡಿದ್ದು ಆಮೇಲೆ ಎಂದು ಊರೆಲ್ಲ ಸಾರಿದವನು ಅದೇ ಕೋಣೆಯ ಉದ್ದಣ್ಣ. ಉದ್ದಣ್ಣ ನಿಂತರೆ ಬಾಗಿಲಿಗೆ ತಲೆ, ಬಾಯಿ ತೆರೆದರೆ ಬಾಗಿಲೇ ಬೇಡ. ಅವನ ಜೊತೆಗಾರ ಗೊಣಗಪ್ಪ, ಸಂಬಳ ಬಂದ ದಿನವೂ ನಿಟ್ಟುಸಿರು ಬಿಡುವವನು. ಮೇಷ್ಟ್ರು ಮುಂದಿನ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಈ ಪರೀಕ್ಷೆಯ ವರದಿಗೆ ಅವರ ಸಹಿ ಬಿದ್ದ ದಿನವೇ ಕೋಣೆಯ ಮುಖ್ಯಸ್ಥೆಯಾಗಿ ಸೊಸೆಯ ಹೆಸರು ಮೇಲೆ ಹೋಗುವುದೆಂದು ಮಾತಾಗಿತ್ತು. ಆ ಕಾರ್ಖಾನೆಯಲ್ಲಿ ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತದ್ದು ಅದುವರೆಗೆ ಇಲ್ಲ.

ಏಳನೆಯ ವಾರದ ಮೊದಲ ಬೆಳಿಗ್ಗೆ ಮೇಷ್ಟ್ರು ಒಂದೊಂದೇ ಮೆಟ್ಟಿಲು ಎಣಿಸುತ್ತಾ ಬಂದಾಗ ಕೋಣೆಯಲ್ಲಿ ಹಬ್ಬದ ಸಡಗರ. ಎಂಜಿನ್ ಸಾವಿರದ ಇನ್ನೂರನ್ನೂ ಗೆದ್ದಿತ್ತು. ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿನ ಮೇಲೆ ಅದನ್ನು ಕಳಚಿ ಸಾಲಾಗಿ ಜೋಡಿಸಿದ್ದರು. ಪಿಸ್ಟನ್ನುಗಳು, ಬೇರಿಂಗುಗಳು, ಕೊನೆಯಲ್ಲಿ ಟರ್ಬೊದ ಚಕ್ರ ತಿರುಗುವ ಶಾಫ್ಟು, ಪಕ್ಕದಲ್ಲಿ ಆ ಪಂಪು.

“ಬನ್ನಿ ಮೇಷ್ಟ್ರೇ, ಬನ್ನಿ!” ಉದ್ದಣ್ಣ ಕುರ್ಚಿ ಎಳೆದ. “ನಿಮ್ಮ ಹೃದಯಕ್ಕಿಂತ ಈ ಎಂಜಿನ್ ಗಟ್ಟಿ, ನೋಡಿ. ಒಂದು ನಾಳನೂ ಕಟ್ಟಿಲ್ಲ.”

“ಎಂಜಿನ್ ಗೆದ್ದಿದೆ, ನಮ್ಮ ಸೊಂಟ ಸೋತಿದೆ,” ಎಂದ ಗೊಣಗಪ್ಪ.

ಮುಖ್ಯ ವಿನ್ಯಾಸಗಾರ ಅಲ್ಲೇ ಇದ್ದ. ನಾಲ್ಕು ವರ್ಷ ಈ ಎಂಜಿನ್ನಿಗಾಗಿ ತಲೆ ಕೆಡಿಸಿಕೊಂಡು, ತಲೆಯಲ್ಲಿದ್ದ ಕೂದಲನ್ನೆಲ್ಲ ಅದಕ್ಕೇ ಧಾರೆಯೆರೆದವನು. ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, “ನಿಮ್ಮ ಸಹಿ ಒಂದು ಬಾಕಿ ಸರ್. ನಿಮ್ಮ ಹುಡುಗರು ಚಿನ್ನದಂಥವರು,” ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಮೇಷ್ಟ್ರು ಕನ್ನಡಕ ಹಾಕಿ ಶಾಫ್ಟು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ತಿರುಗಿಸಿದರು. ಉಗುರಿನಿಂದ ಗೀರಿದರು. ಶಾಫ್ಟು ಹೊಸ ಕನ್ನಡಿಯ ಹಾಗೆ ಫಳಫಳ. ಅದರಲ್ಲಿ ತಮ್ಮ ಮುಖ ನೋಡಿಕೊಂಡು ಬೇಕಾದರೆ ಗಡ್ಡ ಹೆರೆದುಕೊಳ್ಳಬಹುದಿತ್ತು. ಸುತ್ತ ನಿಂತವರು ಹೊಗಳಿಕೆಗೆ ಕಾದರು. ಮೇಷ್ಟ್ರ ಮುಖ ಮಾತ್ರ ನಿಧಾನವಾಗಿ ಕಂದಿತು.

ಅವರು ಮೂವತ್ತೊಂದು ವರ್ಷದಲ್ಲಿ ನೋಡಿದ ಶಾಫ್ಟುಗಳನ್ನು ಉದ್ದಕ್ಕೆ ಜೋಡಿಸಿದರೆ ಸಮುದ್ರಕ್ಕೆ ಸೇತುವೆಯಾಗುತ್ತಿತ್ತು. ಅಷ್ಟರಲ್ಲೂ ಬಿಸಿ ನಿಲುಗಡೆ ಕಂಡ ಒಂದಾದರೂ ಶಾಫ್ಟು ಇಷ್ಟು ಬಿಳುಪಾಗಿ ಬಂದಿರಲಿಲ್ಲ. ಲೋಕದಲ್ಲೇ ಶ್ರೇಷ್ಠ ಟರ್ಬೊ ಆದರೂ ಸಾವಿರದ ಇನ್ನೂರು ಸಲ ಕಾದು ನಿಂತರೆ ತೆಳುವಾಗಿ ಜೇನಿನ ಬಣ್ಣಕ್ಕಾದರೂ ತಿರುಗಲೇಬೇಕು. ಬೆವರದೆ ಬೆಟ್ಟ ಹತ್ತಿದೆ ಎನ್ನುವವನನ್ನು ಅವರು ನಂಬುವವರಲ್ಲ.

“ಸಹಿ ನಾಳೆ ಹಾಕ್ತೀನಿ,” ಎಂದರು. “ಕೈ ಇನ್ನೂ ನಡುಗುತ್ತೆ.”

ವಿನ್ಯಾಸಗಾರ ಹೋದ ಮೇಲೆ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆಯ ದಾಖಲೆ ತೆರೆದರು. ಸಾವಿರದ ಇನ್ನೂರು ಸರಿಯಾಗಿತ್ತು. ಕೊನೆಯ ಸಾಲಿನಲ್ಲಿ ಒಟ್ಟು ಗಂಟೆ: ಎಂಟುನೂರ ನಲವತ್ತು. ಒಂದು ಸುತ್ತಿಗೆ ನಲವತ್ತು ನಿಮಿಷದಂತೆ ಎಂಟುನೂರು ಗಂಟೆಗೆ ಮುಗಿಯಬೇಕಿತ್ತು. ಉಳಿದ ನಲವತ್ತು ಗಂಟೆ ಎಲ್ಲಿಂದ ಬಂತು? ಅವರು ಲೆಕ್ಕ ಹಾಕಬೇಕಾಗಲೇ ಇಲ್ಲ. ಸುತ್ತಿಗೆ ಎರಡು ನಿಮಿಷ. ಆ ಎರಡು ನಿಮಿಷ ಯಾರದ್ದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲಿರಲಿಲ್ಲ.

“ಲೋ ಉದ್ದಣ್ಣ,” ಎಂದು ಕರೆದರು. “ಆರಿಸೋ ಮುಂಚೆ ಹೋಲ್ಡ್ ಒತ್ತಿದ್ರಾ?”

ಹೋಲ್ಡ್ ಎನ್ನುವುದು ಮೇಜಿನ ಮೇಲಿದ್ದ ಹಳದಿ ಗುಂಡಿ. ಏನಾದರೂ ತಪಾಸಣೆ ಬೇಕಾದಾಗ ಯಂತ್ರದ ಕ್ರಮವನ್ನು ತಡೆದು ಎಂಜಿನ್ ಮೆಲ್ಲಗೆ ಓಡುವಂತೆ ಮಾಡುವುದು ಅದರ ಕೆಲಸ.

ಉದ್ದಣ್ಣನ ಎದೆ ಇನ್ನೊಂದು ಅಡಿ ಉಬ್ಬಿತು. “ಒಂದು ಸಲನೂ ತಪ್ಪಿಸಿಲ್ಲ ಮೇಷ್ಟ್ರೇ! ನೀವು ಅಲ್ಲಿ ಮೂಗಿಗೆ ನಳಿಕೆ ಹಾಕ್ಕೊಂಡು ಮಲಗಿದೀರಿ, ಇಲ್ಲಿ ನಿಮ್ಮ ಎರಡು ನಿಮಿಷ ತಪ್ಪಿಸಿದ್ರೆ ನಮಗೆ ಒಳ್ಳೇದಾಗುತ್ತಾ? ಹರಕೆ ಥರ ಮಾಡಿದೀವಿ. ಮೂರೂ ಪಾಳಿಯವರು.”

“ಈ ಗೊಣಗಪ್ಪನೂ ಒತ್ತಿದಾನೆ,” ಎಂದ ಗೊಣಗಪ್ಪ, ತನ್ನನ್ನೇ ಬೇರೆಯವನಂತೆ ತೋರಿಸುತ್ತಾ. “ಬೆರಳು ನೋಯ್ತಿದ್ರೂ.”

“ಕ್ರಮದ ಹಾಳೆಲಿ ‘ತಕ್ಷಣ ನಿಲುಗಡೆ’ ಅಂತ ಇರಲಿಲ್ವಾ?”

“ಇತ್ತು. ಆದ್ರೆ ತಕ್ಷಣ ಅಂದ್ರೆ ನಮ್ಮ ಎರಡು ನಿಮಿಷ ಆದ ತಕ್ಷಣ ಅಲ್ವಾ?” ಉದ್ದಣ್ಣನಿಗೆ ನಿಜವಾಗಿಯೂ ಆಶ್ಚರ್ಯ. “ಊಟಕ್ಕೆ ಕೂತ್ಕೊಳ್ಳಿ ಅಂತ ಕರೆದವರು ಕೈ ತೊಳ್ಕೊಂಡು ಕೂತ್ಕೊಳ್ಳಿ ಅಂತ ಬೇರೆ ಹೇಳ್ತಾರಾ?”

ಮೇಷ್ಟ್ರಿಗೆ ಬಯ್ಯಲು ಬಾಯಿಗೆ ಬಂದದ್ದೆಲ್ಲ ತಮ್ಮದೇ ಪಾಠದ ಮಾತುಗಳು. ಪರೀಕ್ಷೆ ನಡೆಸಿದ್ದೇನೋ ನಿಜ, ಆದರೆ ಪರೀಕ್ಷೆಯಾದದ್ದು ಪಂಪಲ್ಲ, ತಮ್ಮ ಎರಡು ನಿಮಿಷ. ಎಂಜಿನ್ ಆರುವ ಹೊತ್ತಿಗೆ ಟರ್ಬೊ ಆಗಲೇ ತಣ್ಣಗಾಗಿ, ಪಾಪದ ಪಂಪು ಸಾವಿರದ ಇನ್ನೂರು ಸಲವೂ ಸುಮ್ಮನೆ ತಿರುಗಿ ಮಲಗಿತ್ತು. ಅದು ಗಟ್ಟಿಯೋ ಪೊಳ್ಳೋ ಎಂದು ಲೋಕದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಸೊಸೆ ತರಕಾರಿ ಹೆಚ್ಚುತ್ತಿದ್ದಳು. ಮೇಷ್ಟ್ರ ಹೆಂಡತಿ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮೇಷ್ಟ್ರು ಬಾಗಿಲಲ್ಲಿ ನಿಂತದ್ದು ನೋಡಿ ಹೆಂಡತಿ, “ಆ ಎಂಜಿನ್ನನ್ನ ಹೊಸಿಲಾಚೆ ಬಿಟ್ಟು ಬನ್ನಿ. ನನಗೆ ಹೆರಿಗೆ ನೋವು ಬಂದಾಗಲೂ ಎರಡು ನಿಮಿಷ ಇರು ಅಂದ ಮಹಾನುಭಾವರು,” ಎಂದರು.

ಯಾರೂ ನಗಲಿಲ್ಲ. ಸೊಸೆ ಚಾಕು ಕೆಳಗಿಟ್ಟಳು.

“ದಾಖಲೆ ನೋಡಿದ್ರಂತೆ ಮಾವ.”

“ನೋಡಿದೆ.”

“ಉದ್ದಣ್ಣನಿಗೆ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಗಿತ್ತು.” ಅವಳು ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. “ಮೊದಲೆರಡು ದಿನ ನಾನೂ ಅಭ್ಯಾಸದ ಮೇಲೇ ಒತ್ತಿದೆ. ಮೂರನೇ ದಿನ ಹಾಳೆ ಮತ್ತೆ ಓದ್ದೆ, ತಕ್ಷಣ ಅಂದ್ರೆ ತಕ್ಷಣವೇ ಅಂತ ಹೊಳೀತು. ನಿಲ್ಸಿ, ಮೊದಲಿಂದ ಶುರು ಮಾಡೋಣ ಅಂತ ಹೇಳೋಕೆ ಹೋದೆ. ಅವತ್ತು ನಿಮ್ಮನ್ನ ಐಸಿಯುನಿಂದ ಆಚೆ ತಂದ ದಿನ. ಉದ್ದಣ್ಣ ಗುಂಡಿ ಒತ್ತಿ, ಕಣ್ಣುಮುಚ್ಚಿ, ಕೈಮುಗಿದು ನಿಂತಿದ್ದ. ಅವನಿಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ನಾಳೆ ಅಂತ ಸಾವಿರದ ಇನ್ನೂರಾಯ್ತು.”

ಮೇಷ್ಟ್ರ ಹೆಂಡತಿ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟರು.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ದಾರಿಯುದ್ದಕ್ಕೂ ಅವರು ಒಂದು ಉಪಾಯ ಹೂಡಿಕೊಂಡು ಬಂದಿದ್ದರು. “ಪಾಠ ನನ್ನದು, ತಪ್ಪೂ ನನ್ನದು. ನಾನೇ ಹೀಗೆ ಮಾಡಿ ಅಂತ ಹೇಳಿದ್ದೆ ಅಂತ ಬರೆದುಕೊಡ್ತೀನಿ. ನಾನು ಹೋಗೋನು, ನೀನು ಇರೋಳು.”

“ನೀವು ಅವಾಗ ಪ್ರಜ್ಞೆ ಇಲ್ದೆ ಮಲಗಿದ್ದು ಇಡೀ ಕಾರ್ಖಾನೆಗೆ ಗೊತ್ತು. ಕನಸಲ್ಲಿ ಬಂದು ಹೇಳಿದ್ರಾ? ಸುಳ್ಳು ಹೇಳೋದಾದ್ರೆ ಸ್ವಲ್ಪ ನಯವಾಗಾದ್ರೂ ಹೇಳಿ ಮಾವ.”

“ಹನ್ನೆರಡು ವರ್ಷ ದುಡಿದಿದೀಯ ಕಣಮ್ಮ, ಆ ಕುರ್ಚಿಗೆ.”

“ಹೌದು,” ಎಂದಳು ಸೊಸೆ. ಆ ಒಂದು ಮಾತಿನಲ್ಲಿ ಅಳು ಇತ್ತು, ಆದರೆ ಅವಳು ಅಳಲಿಲ್ಲ. “ಅದಕ್ಕೇ ನಾನೇ ಹೋಗಿ ಹೇಳ್ತೀನಿ. ಕುರ್ಚಿ ಮೇಲೆ ಕೂತ್ಮೇಲೆ ದಿನಾ ಆ ಪಂಪಿನ ಯೋಚನೆ ಮಾಡ್ತಾ ಕೂರೋಕೆ ನನಗಾಗಲ್ಲ. ಯಾರೋ ಮಕ್ಕಳನ್ನ ಕೂರಿಸಿಕೊಂಡು ಘಾಟಿ ಹತ್ತಿ, ತಿರುವಿನಲ್ಲಿ ನಿಂತಿರ್ತಾರೆ. ನಾವು ಕಾಗದದಲ್ಲಿ ಗಟ್ಟಿ ಅಂತ ಬರೆದಿರ್ತೀವಿ.”

ಮರುದಿನ ಬೆಳಿಗ್ಗೆ ಇಬ್ಬರೂ ಮುಖ್ಯ ವಿನ್ಯಾಸಗಾರನ ಕೋಣೆಗೆ ಹೋದರು. ಸೊಸೆ ನಿಂತೇ ಹೇಳಿದಳು. ಮೂರನೇ ದಿನದ ವಿಷಯವನ್ನೂ ಬಿಡಲಿಲ್ಲ. ಕೇಳುತ್ತಾ ಕೇಳುತ್ತಾ ಆ ಮನುಷ್ಯನಿಗೆ ಐದು ನಿಮಿಷದಲ್ಲಿ ಐದು ವರ್ಷ ವಯಸ್ಸಾಯಿತು.

“ಪಂಪನ್ನ ಬೇರೆಯಾಗಿ ಐದು ಸಾವಿರ ಗಂಟೆ ಓಡಿಸಿದೀವಲ್ಲ,” ಎಂದ ಕೊನೆಗೆ.

“ಎಲ್ಲಿ?” ಮೇಷ್ಟ್ರು ಕೇಳಿದರು. “ತಣ್ಣಗಿರೋ ಮೇಜಿನ ಮೇಲೆ. ಕೆಂಡದ ಮಗ್ಗುಲಲ್ಲಿ ಕೂರಿಸಿ ಓಡಿಸಿದೀರಾ?”

ವಿನ್ಯಾಸಗಾರ ಕಿಟಕಿಯ ಹೊರಗೆ ನೋಡಿದ. ಕೆಟ್ಟ ಮನುಷ್ಯನಲ್ಲ, ನಾಲ್ಕು ವರ್ಷದ ಮಗುವನ್ನು ಮತ್ತೆ ಹೊಟ್ಟೆಗೆ ಹಾಕಿಕೊಳ್ಳಿ ಎಂದರೆ ಯಾರಿಗಾದರೂ ಹೀಗೇ ಆಗುತ್ತದೆ. ಆಮೇಲೆ ಮೆಲ್ಲಗೆ ಸೊಸೆಯ ಕಡೆ ತಿರುಗಿದ. “ಅಮ್ಮಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ನಿಮ್ಮ ಹೆಸರು ಮೇಲೆ ಕಳಿಸೋ ಕಾಗದ ಇಲ್ಲೇ ಇದೆ. ಈ ಮಾತು ಆಚೆ ಹೋದ್ರೆ, ಕ್ರಮದ ಹಾಳೆ ಓದಿಯೂ ಸುಮ್ಮನಿದ್ದವರ ಕೈಗೆ ಕೋಣೆ ಕೊಡ್ತೀರಾ ಅಂತ ಕೇಳ್ತಾರೆ. ನನ್ನ ಹತ್ರ ಉತ್ತರ ಇರಲ್ಲ. ಈ ಬಾಗಿಲು ಮುಚ್ಚಿದೆ. ಇನ್ನೊಂದು ಸಲ ಯೋಚನೆ ಮಾಡಿ.”

ಮೇಷ್ಟ್ರಿಗೆ ತಮ್ಮ ಹೊಲಿದ ಎದೆಯ ಒಂದೊಂದು ಹೊಲಿಗೆಯೂ ಜಗ್ಗಿದ ಹಾಗಾಯಿತು. ಒಂದು ಸಹಿ, ಅಷ್ಟೇ. ಪಂಪು ಗಟ್ಟಿಯಾಗಿಯೂ ಇರಬಹುದು, ಯಾರು ಬಲ್ಲರು? ಸಹಿ ಹಾಕಿ ಎಂದು ಸೊಸೆ ಒಂದು ಸಲ ಕಣ್ಣಲ್ಲಿ ಹೇಳಿದ್ದರೂ ಅವರು ಹಾಕಿಬಿಡುತ್ತಿದ್ದರೇನೋ. ಅವಳು ಅವರ ಕಡೆ ನೋಡಲೇ ಇಲ್ಲ. ಮೇಜಿನ ಮೇಲಿದ್ದ ವರದಿ ಎಳೆದುಕೊಂಡು, ಕೊನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು: ‘ಪರೀಕ್ಷೆ ಕ್ರಮದ ಪ್ರಕಾರ ನಡೆದಿಲ್ಲ. ಮತ್ತೆ ಮಾಡಬೇಕು.’ ಕೆಳಗೆ ತನ್ನ ಸಹಿ ಹಾಕಿದಳು. ಅದರ ಕೆಳಗೆ ಮೇಷ್ಟ್ರು ಹಾಕಿದರು. ಕೈ ನಿಜವಾಗಿಯೂ ನಡುಗಿತು.

ಎರಡನೆಯ ಎಂಜಿನ್ ಬಂತು. ಪರೀಕ್ಷೆ ಮುಗಿಯುವವರೆಗೆ ಮೇಷ್ಟ್ರ ನಿವೃತ್ತಿಯನ್ನು ಮುಂದೂಡಿದರು. ಸೊಸೆಯ ಹೆಸರಿನ ಕಾಗದವನ್ನು ಯಾವುದೋ ಡ್ರಾಯರಿನಲ್ಲಿ ತಡೆಹಿಡಿದರು. ಹೋಲ್ಡ್ ಗುಂಡಿಯ ಮೇಲೆ ಸೊಸೆ ತಗಡಿನ ಮುಚ್ಚಳ ಕೂರಿಸಿ ನಾಲ್ಕು ಸ್ಕ್ರೂ ಬಿಗಿದಳು.

ಆಮೇಲಿನ ದಿನಗಳು ಆ ಕೋಣೆಯವರಿಗೆ ಏಳು ಜನ್ಮಕ್ಕಾಗುವಷ್ಟು ಶಿಕ್ಷೆ. ಇಪ್ಪತ್ತು ನಿಮಿಷ ಎಂಜಿನ್ ಸಿಂಹದಂತೆ ಗರ್ಜಿಸುತ್ತಿತ್ತು. ಟರ್ಬೊದ ಕವಚ ಗಾಜಿನಾಚೆ ಮಾಗಿದ ಹಣ್ಣಿನಂತೆ ಕೆಂಪಗೆ ಹೊಳೆಯುತ್ತಿತ್ತು. ಆಗ, ಯಾರೂ ಕೇಳದೆ, ಯಾರೂ ಹೇಳದೆ, ತಟ್ಟನೆ ಮೌನ. ಪ್ರತಿ ಸಲವೂ ಉದ್ದಣ್ಣ ತನ್ನ ಕೆನ್ನೆಗೇ ಯಾರೋ ಹೊಡೆದ ಹಾಗೆ ಮುಖ ಹಿಂಡುತ್ತಿದ್ದ. “ಇದು ಪರೀಕ್ಷೆ ಅಲ್ಲ ಅಕ್ಕಾ, ಕೊಲೆ,” ಎನ್ನುತ್ತಿದ್ದ. ಮೌನದ ಮೇಲೆ, ಕೋಣೆಯ ಸ್ಪೀಕರಿನಿಂದ ಒಂದು ಸಣ್ಣ ಗುಂಯ್ ಕೇಳುತ್ತಿತ್ತು. ಅದು ಪಂಪು. ಅದು ಕೇಳಿದ ಮೇಲೆಯೇ ಮೇಷ್ಟ್ರೂ ಸೇರಿ ನಾಲ್ವರೂ ಉಸಿರು ಬಿಡುತ್ತಿದ್ದದ್ದು.

ಯಾಕೆಂದರೆ ಎಲ್ಲರಿಗೂ ಒಳಗೊಳಗೇ ಒಂದೇ ಆಸೆ. ಈ ಎಂಜಿನ್ ಗೆದ್ದುಬಿಟ್ಟರೆ ಮೊದಲಿನ ತಪ್ಪಿನಿಂದ ಯಾರಿಗೂ ಕೇಡಾಗಲಿಲ್ಲ ಎಂದಾಗುತ್ತಿತ್ತು. ಕಾಗದ ಡ್ರಾಯರಿನಿಂದ ಎದ್ದು ಬರುತ್ತಿತ್ತು. ಗೊಣಗಪ್ಪ ಗೊಣಗುವುದನ್ನೇ ಬಿಟ್ಟಿದ್ದ, ಅಪಶಕುನವಾದೀತೆಂದು. ನೂರು ದಾಟಿತು. ಇನ್ನೂರು ದಾಟಿತು. ಮುನ್ನೂರಕ್ಕೆ ವಿನ್ಯಾಸಗಾರ ಕೆಳಗಿಳಿದು ಬಂದು, ಏನೂ ಮಾತಾಡದೆ ಒಂದು ಗುಂಯ್ ಕೇಳಿಸಿಕೊಂಡು ಹೋದ. ನಾನೂರಕ್ಕೆ ಮೇಷ್ಟ್ರ ಹೆಂಡತಿ ಕೂಡ ಊಟ ಬಡಿಸುತ್ತಾ, “ಎಷ್ಟಾಯ್ತು?” ಎಂದು ಕೇಳತೊಡಗಿದರು.

ಹದಿಮೂರನೆಯ ದಿನ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ನಾನೂರ ಮೂವತ್ತೆಂಟನೆಯ ನಿಲುಗಡೆ. ಎಂಜಿನ್ ಆರಿತು. ಮೌನ ಬಂತು. ಗುಂಯ್ ಬರಲಿಲ್ಲ.

ಮೊದಲು ಯಾರೂ ನಂಬಲಿಲ್ಲ. ಗೊಣಗಪ್ಪ ಸ್ಪೀಕರಿಗೆ ಒಂದು ಏಟು ಕೊಟ್ಟ. ಅದು ಸರಿಯಾಗಿಯೇ ಇತ್ತು. ಕಾದ ಲೋಹ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ಪರದೆಯ ಮೇಲೆ ಟರ್ಬೊದ ಬೇರಿಂಗಿನ ಕಾವು ಏರತೊಡಗಿತು. ನೂರ ಎಂಬತ್ತು ಡಿಗ್ರಿ. ಇನ್ನೂರು. ಇನ್ನೂರ ಎಪ್ಪತ್ತು ದಾಟಿದರೆ ಎಣ್ಣೆ ಕರಿಕಾಗುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು.

“ಅಕ್ಕಾ!” ಉದ್ದಣ್ಣನ ಕೈ ಆಗಲೇ ಸ್ಟಾರ್ಟ್ ಗುಂಡಿಯ ಹತ್ತಿರ ಹೋಗಿತ್ತು. “ಒಂದೇ ಒಂದು ನಿಮಿಷ ಓಡಿಸ್ಲಾ? ಓಡಿದ್ರೆ ನೀರು ಹರಿಯುತ್ತೆ, ಬದುಕಿಕೊಳ್ಳುತ್ತೆ. ಪಂಪ್ ಕೆಟ್ಟಿದ್ದು ಹೇಗೂ ಗೊತ್ತಾಯ್ತಲ್ಲ, ಎಂಜಿನ್ ಯಾಕೆ ಸಾಯ್ಬೇಕು?”

“ಕೈ ತೆಗಿ ಉದ್ದಣ್ಣ.”

“ಕಣ್ಣೆದುರಿಗೇ ಸುಟ್ಟು ಹೋಗ್ತಿದೆ ಅಕ್ಕಾ!”

“ರಸ್ತೆಲಿ ನಿಂತೋರಿಗೆ ಪಂಪ್ ನಿಂತಿದೆ ಅಂತ ಯಾರು ಬಂದು ಹೇಳ್ತಾರೆ? ಅವರಿಗೆ ಏನಾಗುತ್ತೋ ಅದು ಇಲ್ಲಿ ಆಗ್ಲಿ. ನಾವು ನೋಡ್ಬೇಕು.”

ಇನ್ನೂರ ನಲವತ್ತು. ಉದ್ದಣ್ಣ ಕೈ ತೆಗೆಯಲಿಲ್ಲ. ತಿರುಗಿ ಮೇಷ್ಟ್ರನ್ನು ನೋಡಿದ. ಗೊಣಗಪ್ಪನೂ ನೋಡಿದ. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಕೊನೆಯ ಮಾತು ಯಾವಾಗಲೂ ಒಬ್ಬರದ್ದೇ. ಮೇಷ್ಟ್ರ ಮೈಯ ನರನರವೂ ಗುಂಡಿ ಒತ್ತು ಎಂದು ಕೂಗುತ್ತಿತ್ತು. ಕಾದ ಟರ್ಬೊವನ್ನು ಹೀಗೆ ಸಾಯಲು ಬಿಡುವುದೆಂದರೆ ಅವರಿಗೆ ಬಾಯಾರಿದವರ ಮುಂದೆ ನೀರು ಚೆಲ್ಲಿದ ಹಾಗೆ. ಅವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಅವಳು ಹೇಳಿದ ಹಾಗೆ ಮಾಡು,” ಎಂದರು.

ಉದ್ದಣ್ಣ ಕೈ ಇಳಿಸಿದ. ಇನ್ನೂರ ಎಪ್ಪತ್ತು. ಇನ್ನೂರ ತೊಂಬತ್ತು. ಮುನ್ನೂರ ಹನ್ನೆರಡಕ್ಕೆ ಅಂಕಿ ನಿಂತು, ಬಹಳ ಹೊತ್ತು ಅಲ್ಲೇ ಇದ್ದು, ಇಳಿಯತೊಡಗಿತು. ಇಪ್ಪತ್ತು ನಿಮಿಷ ಮುಗಿಯುವವರೆಗೆ ನಾಲ್ವರೂ ಗಾಜಿನ ಮುಂದೆ ನಿಂತಿದ್ದರು. ಕ್ರಮದ ಪ್ರಕಾರ ಎಂಜಿನ್ ತಾನಾಗಿಯೇ ಮತ್ತೆ ಎದ್ದಿತು. ಹಿಂಬದಿಯ ಕೊಳವೆಯಿಂದ ನೀಲಿ ಹೊಗೆ ಬಂತು, ಮೊದಲು ದಾರದಷ್ಟು, ಆಮೇಲೆ ಕೋಣೆ ತುಂಬ. ಟರ್ಬೊ ಕಿರುಚಿತು. ಅಷ್ಟು ದಪ್ಪದ ಗೋಡೆಯನ್ನೂ ದಾಟಿ ಆ ಕಿರುಚು ಹೊರಗಿನ ಅಂಗಳಕ್ಕೆ ಕೇಳಿಸಿತಂತೆ.

ಸೊಸೆ ಕೆಂಪು ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದಳು. ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದಳು: ನಾನೂರ ಮೂವತ್ತೆಂಟು, ಪಂಪು ವಿಫಲ. ಅಕ್ಷರಗಳು ದುಂಡಗೆ, ತಿದ್ದಿದ ಹಾಗೆ ಬಂದವು. ಬರೆದಾದ ಮೇಲೆ ವಿನ್ಯಾಸಗಾರನಿಗೆ ಫೋನ್ ಮಾಡಿದಳು.

ಫೋನ್ ಹೋದ ಎರಡೇ ಕ್ಷಣಕ್ಕೆ ವಿನ್ಯಾಸಗಾರ ಓಡಿ ಬಂದ. ಹೊಗೆ ನೋಡಿದ, ಪುಸ್ತಕ ನೋಡಿದ. ಬಯ್ಯುತ್ತಾನೆಂದು ಉದ್ದಣ್ಣ ಮೈ ಬಿಗಿಹಿಡಿದು ನಿಂತ.

“ಪಾಸಾಗ್ಲಿ ಅಂತ ದಿನಾ ಬೇಡಿಕೊಳ್ತಿದ್ದೆ,” ಎಂದ ವಿನ್ಯಾಸಗಾರ.

“ನಾವೂ,” ಎಂದಳು ಸೊಸೆ.

“ಇನ್ನೊಂದು ತಿಂಗಳಿಗೆ ಮೂರು ಸಾವಿರ ಗಾಡಿ ರಸ್ತೆಗೆ ಇಳೀಬೇಕಿತ್ತು. ಇನ್ನು ಇಳಿಯಲ್ಲ.” ಅವನು ತಲೆ ಸವರಿಕೊಂಡ. “ಕುರ್ಚಿ ವಿಷಯ… ಇವತ್ತು ಬೆಳಿಗ್ಗೆ ತೀರ್ಮಾನ ಆಗೋಯ್ತು. ಹೊರಗಿನವರೊಬ್ಬರು ಬರ್ತಾರೆ, ಮುಂದಿನ ವಾರ. ಇದು ಆಗೋದಕ್ಕೆ ಮುಂಚೆನೇ ಆಯ್ತು ಅದು. ಅವರಿಗೆ ಕೋಣೆ ತೋರಿಸಿಕೊಡ್ತೀರಾ?”

ಸೊಸೆ ಪುಸ್ತಕ ಮುಚ್ಚಿದಳು.

“ತೋರಿಸ್ತೀನಿ. ಹೋಲ್ಡ್ ಗುಂಡಿ ಮೇಲೆ ಯಾಕೆ ಮುಚ್ಚಳ ಇದೆ ಅಂತನೂ ಹೇಳ್ತೀನಿ.”

ಮೇಷ್ಟ್ರು ಏನೋ ಹೇಳಲು ಹೊರಟರು. ಹನ್ನೆರಡು ವರ್ಷ, ಅನ್ಯಾಯ, ನನ್ನ ಸೊಸೆ ಎಂಬಂಥ ಮಾತುಗಳು ಗಂಟಲವರೆಗೆ ಬಂದಿದ್ದವು. ಅವಳು ಅವರ ಭುಜದ ಮೇಲೆ ಕೈ ಇಟ್ಟು ತಡೆದಳು. ಆಮೇಲೆ ಅವಳು ಗೋಡೆಯಿಂದ ಪಾನಾ ತೆಗೆದುಕೊಂಡು, ಕೈಗವಸು ಹಾಕಿಕೊಂಡು, ಹೊಗೆ ಹೋಗಲೆಂದು ಕೋಣೆಯ ಬಾಗಿಲು ತೆರೆದಳು.

“ಪಂಪು ನಾನೇ ಬಿಚ್ತೀನಿ. ಯಾವ ಭಾಗ ಸೋತಿದೆ ಅಂತ ಇವತ್ತೇ ಗೊತ್ತಾಗ್ಬೇಕು. ತಣ್ಣಗಾಗ್ಲಿ.”

ವಿನ್ಯಾಸಗಾರ ಮೇಲೆ ಹೋಗಲಿಲ್ಲ. ಬೋಲ್ಟುಗಳ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತ. ಗೊಣಗಪ್ಪ ಅವನಿಗೆ ತನ್ನ ಚಹಾ ಲೋಟ ಕೊಟ್ಟ, ಒಂದು ಮಾತೂ ಗೊಣಗದೆ. ಬರಿಗೈಯಲ್ಲಿ ಮುಟ್ಟುವಷ್ಟು ಎಂಜಿನ್ ತಣ್ಣಗಾಗಲು ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆ ಐವರಲ್ಲಿ ಒಬ್ಬರೂ ಊಟಕ್ಕೆ ಏಳಲಿಲ್ಲ.